ಸೊಲ್ಲಾಪುರದ ಬಿಸಿಲೂ ಈಜುಕೊಳದ ಪಾಚಿಯೂ

ಏಪ್ರಿಲ್‌ನಲ್ಲಿ ಪಂಪು ಕೆಟ್ಟು ನಾಲ್ಕು ದಿನ ನಿಂತರೆ ಸಾಕು, ಮನೆಯ ಈಜುಕೊಳದ ನೀರು ಹಸಿರಿಗೆ ತಿರುಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಪಾಚಿ ಕೈಗೆ ಸಿಗುತ್ತದೆ. ನೀರೊಳಗಿನ ಮೆಟ್ಟಿಲ ಮೂಲೆಯನ್ನೋ ಏಣಿಯ ಹಿಂದಿನ ಗೋಡೆಯನ್ನೋ ಸವರಿದರೆ ಬೆರಳು ಲೋಳೆಯ ಮೇಲೆ ಜಾರುತ್ತದೆ. ನೀರು ಓಡಾಡದ ಜಾಗಗಳೇ ಅದರ ಮೊದಲ ನೆಲೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ತೋಟದ ಮನೆಗಳಲ್ಲಿ ಕೊಳ ಕಟ್ಟಿಸಿಕೊಂಡವರಿಗೆ ಆಗ ಹೊಳೆಯುವುದು ಒಂದೇ: ಇನ್ನಷ್ಟು ಬ್ಲೀಚಿಂಗ್ ಪೌಡರ್ ಸುರಿಯುವುದು. ಅದೂ ಬೆಳಗ್ಗೆ ಹತ್ತಕ್ಕೆ, ಬಿಸಿಲೇರುವ ಹೊತ್ತಿಗೆ. ದುಡ್ಡು ಹಾಳಾಗುವುದು ಅಲ್ಲೇ.

ಕ್ಲೋರಿನ್‌ಗೆ ಬಿಸಿಲು ಆಗಿಬರುವುದಿಲ್ಲ. ನೇರಳಾತೀತ ಕಿರಣ ಬಿದ್ದರೆ ನೀರಿನಲ್ಲಿರುವ ಕ್ಲೋರಿನ್ ಒಡೆದು ಬರೀ ಕ್ಲೋರೈಡ್ ಆಗುತ್ತದೆ. ಅದು ಯಾವ ಪಾಚಿಯನ್ನೂ ಕೊಲ್ಲದು. ಮೇ ತಿಂಗಳಲ್ಲಿ ಪಾರಾ 43 ಡಿಗ್ರಿ ದಾಟುವ ಈ ಸೀಮೆಯ ಬಯಲು ಕೊಳಕ್ಕೆ ಬೆಳಗ್ಗೆ ಹಾಕಿದ್ದರಲ್ಲಿ ಬಹುಪಾಲು ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. ಅದೇ ಪುಡಿಯನ್ನು ಹೊತ್ತು ಮುಳುಗಿದ ಮೇಲೆ ಹಾಕಿದರೆ ಇಡೀ ರಾತ್ರಿ ದುಡಿಯುತ್ತದೆ. ಮೊದಲು ಗೋಡೆಯನ್ನು ಬ್ರಶ್‌ನಿಂದ ಉಜ್ಜಬೇಕು, ಇಲ್ಲದಿದ್ದರೆ ಲೋಳೆಯ ಅಡಿಯ ಪಾಚಿಗೆ ಮದ್ದು ಮುಟ್ಟುವುದಿಲ್ಲ. ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಆ ಬಕೆಟ್ಟಿಗೆ ಆಸಿಡ್ ಸೋಕಕೂಡದು. ಹೊಮ್ಮುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ.

ಇನ್ನೊಂದು ತೊಡಕು ಬೋರ್‌ವೆಲ್ ನೀರಿನದು. ಕಪ್ಪು ಬಸಾಲ್ಟ್ ಬಂಡೆಯ ಸಂದುಗಳಿಂದ ಬರುವ ಈ ನೀರು ಸಾಮಾನ್ಯವಾಗಿ ಗಡಸು, ಕ್ಷಾರದ ಕಡೆಗೇ ವಾಲಿದ್ದು. ಕ್ಲೋರಿನ್‌ನಲ್ಲಿ ಪಾಚಿಯನ್ನು ಕೊಲ್ಲುವ ಮುಖ್ಯ ರೂಪ ಹೈಪೋಕ್ಲೋರಸ್ ಆಮ್ಲ. ಪಿಎಚ್ 7.5 ಇದ್ದಾಗ ಕ್ಲೋರಿನ್‌ನ ಅರ್ಧದಷ್ಟು ಈ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲುಭಾಗ ಮಾತ್ರ. ಬ್ಲೀಚಿಂಗ್ ಪೌಡರ್ ತಾನೇ ಪಿಎಚ್ಚನ್ನೂ ಸುಣ್ಣವನ್ನೂ ಏರಿಸುವುದರಿಂದ, ಅಳೆಯದೆ ಸುರಿದಷ್ಟೂ ಅದರ ಬಲ ಕುಗ್ಗುತ್ತದೆ. ಪಿಎಚ್ 7.2ರಿಂದ 7.6, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇದ್ದರೆ ಸಾಕು. ಒಂದು ಟೆಸ್ಟ್ ಕಿಟ್ ಒಂದು ಚೀಲ ಪುಡಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದ್ರಾಕ್ಷಿ, ದಾಳಿಂಬೆ ಬೆಳೆಯುವ ಜಿಲ್ಲೆಯಲ್ಲಿ ಮೈಲುತುತ್ತ ಹೊಸದಲ್ಲ. ಬೆಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಅದೇ ಬೇಕು. ಅದರ ತಾಮ್ರ ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಇಂಥ ಕ್ಷಾರದ ನೀರಿನಲ್ಲಿ ತಾಮ್ರದ ಬಹುಪಾಲು ಕಾರ್ಬೊನೇಟ್ ಆಗಿ ತಳ ಸೇರಿ, ಗೋಡೆಗೆ ನೀಲಿ-ಹಸಿರು ಕಲೆ ಮೆತ್ತುತ್ತದೆ. ನರೆತ ಕೂದಲಿಗೂ ಹಸಿರು ಹತ್ತುವುದುಂಟು! ಹೊಲದ ಔಷಧ ಹೊಲದಲ್ಲೇ ಇರಲಿ ಎಂಬುದು ನನ್ನ ಮತ.

ಒಂದು ಮದ್ದಿನ ಮೇಲೆ ಇನ್ನೊಂದನ್ನು ಸುರಿಯುವ ಅವಸರಕ್ಕೆ ದೊಡ್ಡವರೂ ಬೆಲೆ ತೆತ್ತಿದ್ದಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳ ಸ್ಪರ್ಧೆಗಳ ನಡುವೆಯೇ ಹಸಿರಾಯಿತು. ತಪ್ಪಾಗಿ ಸೇರಿಸಿದ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಕ್ಲೋರಿನ್‌ನ ಕಸುವನ್ನೇ ತೆಗೆದಿತ್ತು.

ಪಾಚಿಗೆ ಗೊಬ್ಬರವೂ ಬೇಕು: ನೈಟ್ರೇಟ್, ಫಾಸ್ಫೇಟ್. 12ನೇ ಶತಮಾನದಲ್ಲಿ ಸಿದ್ಧರಾಮ ಕಟ್ಟಿಸಿದ ಸೊಲ್ಲಾಪುರದ ಕೆರೆಯನ್ನೂ, ಊರಿಗೆ ನೀರುಣಿಸುವ ಉಜನಿ ಜಲಾಶಯವನ್ನೂ ಪಾಚಿ ಕಾಡುವುದು ಇದರಿಂದಲೇ. ಪುಣೆಯ ಚರಂಡಿ ನೀರು ಭೀಮೆಯ ಜತೆ ಉಜನಿಗೆ ಇಳಿಯುತ್ತದೆ. ಅಷ್ಟು ನೀರಿಗೆ ಯಾರು ಕ್ಲೋರಿನ್ ಹಾಕಿಯಾರು? ಮನೆಯ ಕೊಳಕ್ಕೆ ಗೊಬ್ಬರ ಬರುವುದು ಉದುರೆಲೆ, ಹೊಲದ ಧೂಳು, ಬೆವರಿನಿಂದ. ಇಳಿಯುವ ಮೊದಲು ಮೈ ತೊಳೆಯುವುದು, ದಿನವೂ ಕಸ ತೆಗೆಯುವುದು ನಮ್ಮ ಕೈಯಲ್ಲಿದೆ.

ಬಿಸಿಲಿನಿಂದ ಕ್ಲೋರಿನ್ ಕಾಯುವ ಸಯನ್ಯೂರಿಕ್ ಆಮ್ಲವೂ ಉಂಟು. ಅಂಗಡಿಯ ಹೆಚ್ಚಿನ ಕ್ಲೋರಿನ್ ಮಾತ್ರೆಗಳಲ್ಲಿ ಅದು ಸೇರಿಯೇ ಬರುತ್ತದೆ. ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಆದರೆ ಅದು ಆವಿಯಾಗದು. ಮಾತ್ರೆ ಹಾಕಿದಂತೆಲ್ಲ ಏರುತ್ತ ಹೋಗಿ ಕ್ಲೋರಿನ್ನನ್ನೇ ಕಟ್ಟಿಹಾಕುತ್ತದೆ. ಆಗ ಇರುವ ಸುಲಭ ದಾರಿ ಅರ್ಧ ಕೊಳ ಖಾಲಿ ಮಾಡಿ ಹೊಸ ನೀರು ತುಂಬುವುದು. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುವ ಈ ಬರಸೀಮೆಯಲ್ಲಿ ಅದು ದುಬಾರಿ. ಅದಕ್ಕಿಂತ ಹಗಲು ಕೊಳಕ್ಕೆ ತಾಡಪತ್ರಿ ಎಳೆಯುವುದು ಮೇಲು: ಪಾಚಿಗೆ ಬೆಳಕಿಲ್ಲ, ಕ್ಲೋರಿನ್‌ಗೆ ಬಿಸಿಲಿಲ್ಲ, ನೀರೂ ಆವಿಯಾಗದು. ಅಂಚನ್ನು ಸುತ್ತಲೂ ಬಿಗಿದು ಕಟ್ಟಬೇಕು, ಅಷ್ಟಾದರೂ ಮಕ್ಕಳನ್ನು ಅದರ ಹತ್ತಿರ ಬಿಡಬಾರದು.