ಡಬ್ಬಕ್ಕೆ ತೂತು ಕೊರೆದರೆ ಬೇಸ್ ಡಬಲ್ ಆಗುತ್ತದೆಯೇ?

ಮುನ್ನೂರು ರೂಪಾಯಿಯ ಸ್ಪೀಕರ್ ತನ್ನಿ, ಪ್ಲೈವುಡ್ ಡಬ್ಬ ಮಾಡಿ, ಒಂದು ತೂತು ಕೊರೆಯಿರಿ, ಮನೆಯೇ ಥಿಯೇಟರ್ ಆಗುತ್ತದೆ! ಈ ಧಾಟಿಯ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ನಿಮಗೂ ಒಂದು ಬಂದಿದ್ದರೆ, ಫಾರ್ವರ್ಡ್ ಮಾಡುವ ಮೊದಲು ಒಂದು ವಿಷಯ ಗಮನಿಸಿ. ಆ ವಿಡಿಯೊದ ‘ಭಯಂಕರ ಬೇಸ್’ ಅನ್ನು ನೀವು ಕೇಳಿದ್ದು ನಿಮ್ಮ ಫೋನಿನಲ್ಲಿ. ಫೋನಿನೊಳಗಿನ ಪುಟಾಣಿ ಸ್ಪೀಕರ್‌ಗೆ 50 ಹರ್ಟ್ಝ್‌ನ ಸದ್ದನ್ನು ಕೇಳುವಷ್ಟು ಜೋರಾಗಿ ಹೊರಡಿಸುವ ಶಕ್ತಿಯೇ ಇಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು ಕಂಪನದ ಸದ್ದುಗಳನ್ನು ಕೇಳಿ, ಕೆಳಗಿನದನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ಹಾಗಾಗಿ ಆ ವಿಡಿಯೊ ಯಾವುದಕ್ಕೂ ಸಾಕ್ಷಿಯಲ್ಲ.

ಹಾಗಂತ ತೂತಿನ ಮಾತು ಪೂರ್ತಿ ಸುಳ್ಳೂ ಅಲ್ಲ. ಅದಕ್ಕೆ ಮೊದಲು, ಬೇಸ್ ಯಾಕೆ ಇಷ್ಟು ಕಷ್ಟ ಎಂದು ನೋಡೋಣ.

ಬೇಸ್ ಎಂದರೆ ಗಾಳಿಯನ್ನು ತಳ್ಳುವ ಕೆಲಸ. 100 ಹರ್ಟ್ಝ್‌ನಲ್ಲಿ ಸ್ಪೀಕರ್‌ನ ಕೋನ್ ಎಷ್ಟು ಹಿಂದೆ ಮುಂದೆ ಆಡುತ್ತದೋ, ಅಷ್ಟೇ ಜೋರಿನ 50 ಹರ್ಟ್ಝ್ ಬರಬೇಕಾದರೆ ಅದರ ನಾಲ್ಕು ಪಟ್ಟು ಆಡಬೇಕು. 8 ಇಂಚಿನ ಕೋನ್ ಮಾಡುವ ಕೆಲಸವನ್ನು 4 ಇಂಚಿನದಕ್ಕೆ ಒಪ್ಪಿಸಿದರೆ ಮತ್ತೆ ನಾಲ್ಕು ಪಟ್ಟು. ಇನ್ನು ಡಬ್ಬವೇ ಇಲ್ಲದ ಬರೀ ಸ್ಪೀಕರ್‌ನಲ್ಲಿ ಕೋನಿನ ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನ ಅಲೆಯನ್ನು ಕಟ್ಟಿಹಾಕಲೆಂದೇ ಡಬ್ಬ. ಆದರೆ ಡಬ್ಬ ತೀರಾ ಚಿಕ್ಕದಾದರೆ ಒಳಗಿನ ಗಾಳಿ ಬಿಗಿಯಾದ ಸ್ಪ್ರಿಂಗಿನಂತೆ ಕೋನನ್ನು ತಡೆಯುತ್ತದೆ.

ಈ ಸ್ಪ್ರಿಂಗನ್ನೇ ಉಪಯೋಗಕ್ಕೆ ತಂದವರು ಅಮೆರಿಕದ ಎಡ್ಗರ್ ವಿಲ್ಚರ್. ಗಾಳಿಯಾಡದಂತೆ ಮುಚ್ಚಿದ ಡಬ್ಬದಲ್ಲಿ ಮೆತ್ತನೆಯ ಅಂಚಿನ ಕೋನ್ ಇಟ್ಟು, ಅದನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಒಳಗಿನ ಗಾಳಿಗೇ ಬಿಟ್ಟರು. 1954ರಲ್ಲಿ ಅವರು ಹೆನ್ರಿ ಕ್ಲಾಸ್ ಜೊತೆ ಕಂಪನಿ ಕಟ್ಟಿ ತಂದ ಎಆರ್-1 ಸ್ಪೀಕರ್, ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಇಲ್ಲದೆಯೂ ಆಳದ ಬೇಸ್ ಬರುತ್ತದೆ ಎಂದು ತೋರಿಸಿತು. ಬದಲಿಗೆ ಅದಕ್ಕೆ ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಬೇಕಾಯಿತು. ಈ ಕೊಡು-ಕೊಳ್ಳುವಿಕೆಯನ್ನು ಆಂಟನ್ ಹಾಫ್‌ಮನ್ ಎಂಬ ಎಂಜಿನಿಯರ್ ಹೆಸರಿನಲ್ಲಿ ‘ಹಾಫ್‌ಮನ್‌ರ ಕಬ್ಬಿಣದ ನಿಯಮ’ ಎನ್ನುತ್ತಾರೆ: ಚಿಕ್ಕ ಡಬ್ಬ, ಆಳದ ಬೇಸ್, ಕಡಿಮೆ ಶಕ್ತಿಯಲ್ಲೇ ಜೋರು ಸದ್ದು, ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಚಿಕ್ಕ ಕೋಣೆಯವರು ಮೂರನೆಯದನ್ನು ಬಿಟ್ಟುಕೊಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಹತ್ತಡಿ ದೂರದಲ್ಲಿ ಕೂತು ಕೇಳುವವರಿಗೆ ಜಾತ್ರೆಯ ಮೈಕ್ ಸೆಟ್ ಬೇಕಿಲ್ಲ.

ತೂತಿನ ಲೆಕ್ಕ

ಖಾಲಿ ಬಾಟಲಿಯ ಬಾಯಿಗೆ ಊದಿದರೆ ‘ಬೂಂ’ ಎನ್ನುತ್ತದಲ್ಲ, ತೂತಿನ ವಿಜ್ಞಾನ ಅದೇ. ಕತ್ತಿನಲ್ಲಿರುವ ಗಾಳಿ ಒಂದು ತೂಕದಂತೆ, ಹೊಟ್ಟೆಯಲ್ಲಿರುವ ಗಾಳಿ ಸ್ಪ್ರಿಂಗಿನಂತೆ ಸೇರಿ ಒಂದೇ ಒಂದು ಕಂಪನದಲ್ಲಿ ಜೋರಾಗಿ ಮಿಡಿಯುತ್ತವೆ. ಘಟ ನುಡಿಸುವವರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ನಾದ ಬದಲಿಸುವುದೂ ಇದೇ ಕೈಚಳಕ.

ನಾವು ಲೆಕ್ಕ ಹಾಕಿ ನೋಡಿದೆವು. ಒಳಗೆ 20×20×25 ಸೆಂಟಿಮೀಟರ್ ಇರುವ ಡಬ್ಬ ಎಂದರೆ 10 ಲೀಟರ್. 5 ಸೆಂ.ಮೀ. ಒಳವ್ಯಾಸದ ಪಿವಿಸಿ ಪೈಪಿನಿಂದ ಅದನ್ನು 50 ಹರ್ಟ್ಝ್‌ನಲ್ಲಿ ಮಿಡಿಸಬೇಕಾದರೆ ಪೈಪು ಸುಮಾರು 20 ಸೆಂ.ಮೀ. ಉದ್ದ ಇರಬೇಕು. ಪೈಪಿಲ್ಲದೆ 18 ಮಿ.ಮೀ. ಪ್ಲೈವುಡ್‌ನಲ್ಲಿ ಬರೀ ತೂತು ಕೊರೆದರೆ ಅದೇ ಡಬ್ಬ 100 ಹರ್ಟ್ಝ್ ಆಸುಪಾಸಿನಲ್ಲಿ ಮಿಡಿಯುತ್ತದೆ. ವಿಡಿಯೊದವರು ಬೇಸ್ ಎಂದು ಕುಣಿಯುವುದು ಇದಕ್ಕೇ. ಅದು ಆಳದ ಬೇಸ್ ಅಲ್ಲ, ಪ್ರತಿ ಹಾಡಿನಲ್ಲೂ ಒಂದೇ ಥರ ಗುಮ್ಮೆನ್ನುವ ಗದ್ದಲ. ಅಷ್ಟೇ ಅಲ್ಲ, ಮಿಡಿಯುವ ಹಂತಕ್ಕಿಂತ ಬಹಳ ಕೆಳಗಿನ ಸದ್ದು ಬಂದಾಗ ಕೋನಿಗೆ ಗಾಳಿಯ ತಡೆಯೇ ಇಲ್ಲದಂತಾಗುತ್ತದೆ. ಅದು ಮಿತಿ ಮೀರಿ ಆಡಿ, ಒಳಗಿನ ಕಾಯಿಲ್ ಹಾಳಾಗಬಹುದು. ತೂತು ಕೊರೆದು ಸ್ಪೀಕರ್ ಸತ್ತರೆ, ತಪ್ಪು ಅಂಗಡಿಯವನದ್ದಲ್ಲ.

ಪೈಪಿನ ಉದ್ದವನ್ನು ಸ್ಪೀಕರ್‌ನ ಗುಣಕ್ಕೆ ಹೊಂದಿಸುವ ಲೆಕ್ಕವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದರು, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದರು. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಸ್ಪೀಕರ್ ಕೊಳ್ಳುವಾಗ ‘ಥೀಲ್-ಸ್ಮಾಲ್’ ಅಂಕಿಗಳ ಹಾಳೆ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಪೈಪಿನ ಗೋಜಿಗೆ ಹೋಗದೆ ಡಬ್ಬವನ್ನು ಪೂರ್ತಿ ಮುಚ್ಚಿಬಿಡಿ, ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ತುಂಬಿ. ಅದರಿಂದ ಡಬ್ಬ ಇರುವುದಕ್ಕಿಂತ ಸ್ವಲ್ಪ ದೊಡ್ಡದಿದ್ದಂತೆ ವರ್ತಿಸುತ್ತದೆ.

5000 ವಾಟ್ ಎಲ್ಲಿಂದ ಬಂತು?

ಡಬ್ಬದ ಮೇಲೆ ‘5000 ವಾಟ್ ಪಿಎಂಪಿಒ’ ಎಂದಿದ್ದರೆ ನಕ್ಕು ಮುಂದೆ ಹೋಗಿ. ಪಿಎಂಪಿಒಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಮನೆಯ 6 ಆಂಪಿಯರ್ ಸಾಕೆಟ್ ಸತತವಾಗಿ ಕೊಡಬಲ್ಲದ್ದೇ 1,380 ವಾಟ್! ನೋಡಬೇಕಾದ್ದು ಆರ್‌ಎಂಎಸ್ ವಾಟ್. ಅದು 20ರಿಂದ 40ಕ್ಕೆ ಏರಿದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು.

ನಿಜವಾದ ಅಪಾಯ ಇರುವುದು ಕರೆಂಟಿನಲ್ಲಿ. 230 ವೋಲ್ಟಿನ ತೆರೆದ ಟ್ರಾನ್ಸ್‌ಫಾರ್ಮರನ್ನು ಮರದ ಡಬ್ಬದೊಳಗೆ ಕೂರಿಸುವುದು, ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಲಿಥಿಯಂ ಸೆಲ್‌ಗಳಿಗೆ ರಕ್ಷಣಾ ಸರ್ಕಿಟ್ ಇಲ್ಲದೆ ವೈರ್ ಬೆಸೆಯುವುದು, ಇವೆರಡೂ ಬೆಂಕಿಗೆ ದಾರಿ. ಬಿಐಎಸ್ ಗುರುತಿರುವ ಸಿದ್ಧ ಅಡಾಪ್ಟರ್ ಬಳಸಿ, ಅದನ್ನು ಡಬ್ಬದ ಹೊರಗೇ ಇಡಿ.

ಕೋಣೆಯೂ ಸ್ಪೀಕರ್‌ನ ಭಾಗ

ಚಿಕ್ಕ ಕೋಣೆ ಬೇಸ್‌ಗೆ ಶತ್ರು ಎಂಬ ನಂಬಿಕೆ ಅರ್ಧ ತಪ್ಪು. 10 ಅಡಿ ಅಂತರದ ಎರಡು ಗೋಡೆಗಳ ನಡುವೆ 56 ಹರ್ಟ್ಝ್ ಸುಮಾರಿಗೆ ಸದ್ದು ನಿಂತ ಅಲೆಯಾಗುತ್ತದೆ. ಅದಕ್ಕಿಂತ ಕೆಳಗೆ ಗಟ್ಟಿ ಗೋಡೆಯ ಮುಚ್ಚಿದ ಕೋಣೆಯೇ ಒಂದಷ್ಟು ಬೇಸ್ ಸೇರಿಸುತ್ತದೆ. ಮುಚ್ಚಿದ ಡಬ್ಬದ ಸ್ಪೀಕರ್ ಇಂಥಲ್ಲಿ ಒಪ್ಪುವುದು ಅದಕ್ಕೇ. ತೊಂದರೆ ಇರುವುದು ಉದ್ದ, ಅಗಲ, ಎತ್ತರ ಮೂರೂ ಹತ್ತಡಿ ಇರುವ ನಮ್ಮ ಚೌಕ ಕೋಣೆಗಳಲ್ಲಿ. ಅಲ್ಲಿ ಮೂರು ಅಲೆಗಳೂ 56ರಲ್ಲೇ ಬಂದು ಕೂರುತ್ತವೆ. ಗೋಡೆಗೆ ಒರಗಿದರೆ ಅದು ಕಿವಿಗೆ ಗುದ್ದುತ್ತದೆ, ನಟ್ಟನಡುವೆ ಕೂತರೆ ಮಾಯವಾಗುತ್ತದೆ.

ವೂಫರನ್ನು ಮೂಲೆಗೆ ತಳ್ಳಿದರೆ ಬೇಸ್ ಖರ್ಚಿಲ್ಲದೆ ಹೆಚ್ಚುತ್ತದೆ. ಅತಿಯಾಯಿತು ಅನ್ನಿಸಿದರೆ ಒಂದೊಂದೇ ಗೇಣು ಹೊರಗೆ ಎಳೆಯಿರಿ. ಬೇಸ್ ಇರುವ ಒಂದು ಹಾಡು ಹಾಕಿ, ಕೋಣೆಯಲ್ಲಿ ನಿಧಾನವಾಗಿ ಓಡಾಡಿ, ಎಲ್ಲಿ ಸಮವಾಗಿ ಕೇಳುತ್ತದೋ ಅಲ್ಲಿಗೆ ಕುರ್ಚಿ ಎಳೆದುಕೊಳ್ಳಿ. ಪಕ್ಕದ ಮನೆಯವರ ಗೋಡೆ ಯಾವ ಕಡೆಗಿದೆ ಎಂದೂ ಆಗಲೇ ನೋಡಿಕೊಳ್ಳಿ. ಆಳದ ಬೇಸನ್ನು ಒಂದು ಇಟ್ಟಿಗೆ ಗೋಡೆ ಪೂರ್ತಿ ತಡೆಯುವುದಿಲ್ಲ.