ಒಂಟಿ ದನಿ, ಮೇಳದ ಮರುದನಿ

ಶಿವರಾತ್ರಿಯ ಮುನ್ನಾದಿನ ಬಿಲ್ವಪತ್ರೆ, ಹೂಗಳಿಗಾಗಿ ನಾವು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿದ್ದೆವು. ಜೊತೆಗೆ ತಮ್ಮನ ಮೊಮ್ಮಗಳಿದ್ದಳು. ಅವಳು ಪಿಯಾನೊ ಕಲಿಯುತ್ತಿದ್ದಾಳೆ. ‘ಪರರ ಸಂಗೀತ ನಮ್ಮ ಮನೆಗೇಕೆ? ಬಿಡಿಸಿಬಿಡೋಣ’ ಎಂಬುದು ಅವಳ ತಂದೆಯ ಹಟ. ಹಿರಿಯರೆಂಬ ಕಾರಣಕ್ಕೆ ತೀರ್ಪಿನ ಭಾರ ನಮ್ಮ ಮೇಲೆ ಬಿದ್ದಿತ್ತು.

1927ರಲ್ಲಿ ಕಟ್ಟಿದ ಆ ಮಾರುಕಟ್ಟೆಯ ಮುಂದೆ ಹೂವಾಡಗಿತ್ತಿಯೊಬ್ಬಳು ಬೆಲೆ ಕೂಗಿದಳು. ಸುತ್ತಣ ಗದ್ದಲ ಅವಳ ದನಿಯನ್ನು ಒಮ್ಮೆ ಮುಳುಗಿಸಿತು. ಮರುಕ್ಷಣ ತಗ್ಗಿ ದಾರಿಬಿಟ್ಟಿತು. ‘ಕನ್ಚೆರ್ಟೊ ಅಂದರೆ ಹೀಗೇ ತಾತಾ, ಒಂದು ವಾದ್ಯ ಮಾತಾಡುತ್ತೆ, ಮೇಳವೆಲ್ಲ ಉತ್ತರ ಕೊಡುತ್ತೆ’ ಎಂದಳು ಹುಡುಗಿ.

ಆಗ ನಮಗೆ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ ನೆನಪಾಯಿತು. ಪ್ರಭುಗಳು ಪಿಯಾನೊ ಬಲ್ಲವರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಆ ಕಾಲದಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರರು ತಾಯ್ನಾಡು ತೊರೆದು, ವೃದ್ಧಾಪ್ಯದಲ್ಲಿ ಲಂಡನ್ನಿನಲ್ಲಿ ಜನರ ಮರೆವಿಗೆ ಸಂದಿದ್ದರು. ಒಡೆಯರು ಅವರ ಹೆಸರಿನ ಸಂಘಕ್ಕೆ ಧನವಿತ್ತು, ಅವರ ಕೃತಿಗಳನ್ನು ಧ್ವನಿಮುದ್ರಿಸಿದರು. 1947ರಲ್ಲಿ ಮೂರು ಕನ್ಚೆರ್ಟೊಗಳನ್ನೂ ಕರ್ತೃವೇ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದರು. ಆಗಿನ ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ. ಅರ್ಧ ಗಂಟೆಯ ಕೃತಿಯೊಂದಕ್ಕೆ ಹಲವು ತಟ್ಟೆಗಳು ಬೇಕು. ಹೀಗೆ ತಟ್ಟೆಗಳ ಸಂಪುಟಗಳೇ ಸಿದ್ಧವಾದವು. ಮೂರನೆಯ ಕನ್ಚೆರ್ಟೊವನ್ನು ಮೆಟ್ನರ್ ಒಡೆಯರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಅವರ ಬೆರಳುಗಳ ನುಡಿ ಮಾತ್ರ ಇಂದಿಗೂ ಕೇಳಿಸುತ್ತದೆ.

ಹಾಗೆಂದು ಒಡೆಯರು ತಮ್ಮತನ ಬಿಟ್ಟರೆ? ಇಲ್ಲ. ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳನ್ನು ರಚಿಸಿದವರೂ ಅವರೇ. ಮುಂದೆ 1971ರಲ್ಲಿ ಪಂಡಿತ ರವಿಶಂಕರರು ಸಿತಾರಿಗೊಂದು ಕನ್ಚೆರ್ಟೊ ರಚಿಸಿ ಲಂಡನ್ ಸಿಂಫೊನಿ ವಾದ್ಯವೃಂದದೊಡನೆ ನುಡಿಸಿದರು. ಆ ಮಂಟಪದಲ್ಲಿ ನಮ್ಮ ವಾದ್ಯಕ್ಕೂ ಮಣೆ ದೊರೆಯಿತು.

ಪರರದನ್ನು ಆದರದಿಂದ ಆಲಿಸಿದವನು ತನ್ನದನ್ನು ಕಳೆದುಕೊಳ್ಳುವುದಿಲ್ಲ. ತನ್ನದರಲ್ಲಿ ಬೇರಿಲ್ಲದವನು ಏನನ್ನೂ ಆಲಿಸದೆಯೇ ಕಳೆದುಕೊಂಡಾನು. ಆದುದರಿಂದ ಸಂಜೆಯ ವಚನಗಾಯನ ತಪ್ಪದಿರಲಿ, ಪಿಯಾನೊ ಪಾಠವೂ ನಿಲ್ಲದಿರಲಿ ಎಂದು ಹುಡುಗಿಯ ತಂದೆಗೆ ಹೇಳಿದೆವು. ಅವನಿನ್ನೂ ಪೂರ್ಣ ಒಪ್ಪಿಲ್ಲ. ಆದರೆ ಹಬ್ಬದ ಮರುದಿನ ಮಗಳು ಅಭ್ಯಾಸಕ್ಕೆ ಕುಳಿತಾಗ ಎಂದಿನಂತೆ ಎದ್ದುಹೋಗದೆ, ಕೊನೆಯವರೆಗೂ ಕುಳಿತು ಕೇಳಿದನು. ಮನೆಯ ಮಕ್ಕಳ ದನಿಗೆ ಹಿರಿಯರು ಅಷ್ಟು ದಾರಿಬಿಟ್ಟರೂ ಸಾಕು.