ಮಾನಸಿಕ ಆರೋಗ್ಯ: ಊರಿನ ಔಷಧಿ ಅಂಗಡಿಯ ಹೊಣೆ
ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಒಳಹಳ್ಳಿಗಳಿಂದ ಮನೋವೈದ್ಯರನ್ನು ಕಾಣಲು ಹೊರಟರೆ ಒಂದು ದಿನದ ಕೂಲಿ ಹೋಗುತ್ತದೆ. ಔಷಧಿ ಅಂಗಡಿ ಅದಕ್ಕಿಂತ ಹತ್ತಿರದ್ದು. ತಿಂಗಳಿಗೊಮ್ಮೆ ರೋಗಿಯನ್ನೋ ಮನೆಯವರನ್ನೋ ತಪ್ಪದೆ ಕಾಣುವವರು ಅಲ್ಲಿನ ಔಷಧಜ್ಞರು.

ಖಿನ್ನತೆಯ ಮಾತ್ರೆಗಳು ಫಲ ನೀಡಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಗುಣ ಕಾಣಲಿಲ್ಲವೆಂದು ಕೆಲವರು, ಗುಣವಾಯಿತೆಂದು ಕೆಲವರು ನಡುವೆಯೇ ಬಿಡುತ್ತಾರೆ; ಆಗ ರೋಗ ಮರುಕಳಿಸುವ ಸಂಭವವಿದೆ. ಲಿಥಿಯಂ ಸೇವಿಸುವವರು ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆ ನುಂಗಿದರೆ, ಅಥವಾ ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡರೆ, ರಕ್ತದಲ್ಲಿ ಲಿಥಿಯಂ ಪ್ರಮಾಣ ಅಪಾಯದ ಮಟ್ಟಕ್ಕೇರಬಹುದು. ಕೈನಡುಕ ಹೆಚ್ಚಿದರೆ, ಮಾತು ತೊದಲಿದರೆ, ನಡಿಗೆ ತೂಗಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದುದರಿಂದ ಬೇರೆ ಯಾವ ಔಷಧಿ ಕೊಳ್ಳುವಾಗಲೂ, ಈಗಾಗಲೇ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ಔಷಧಜ್ಞರಿಗೆ ತೋರಿಸೋಣ.

ಔಷಧಜ್ಞರಲ್ಲಿಯೂ ನಮ್ಮದೊಂದು ವಿನಂತಿ. ತಿಂಗಳ ಮಾತ್ರೆಗೆ ಬಾರದವರನ್ನು ವಿಚಾರಿಸಿರಿ. ಇತರ ಗಿರಾಕಿಗಳೆದುರು ರೋಗದ ಹೆಸರೆತ್ತದಿರಿ. ಊರಿಗೆ ತಿಳಿದೀತೆಂಬ ಅಂಜಿಕೆಯಿಂದಲೇ ಔಷಧಿ ಬಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಮನ್ನಿಸಿದೆ.

2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಈ ಸಂಖ್ಯೆಯು ಪ್ರತಿ ಔಷಧಿ ಅಂಗಡಿಯ ಗೋಡೆಯ ಮೇಲೂ ಇರಲೆಂದು ನಾವು ಆಶಿಸುತ್ತೇವೆ.